ಸಂಪಾದಕರ ಉತ್ತರ: ಸಿನಿಮಾ ಹಾಡಿನ ಮೇಲೆ ಸಿಟ್ಟು ಬೇಡ

ಮೂಡಿಗೆರೆಯ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಹಾಸನ ಆಕಾಶವಾಣಿಯಲ್ಲಿ ಮೊದಲು ಭಾವಗೀತೆ, ಜಾನಪದ, ಕಛೇರಿ ಎಲ್ಲ ಕೇಳುತ್ತಿದ್ದೆ. ಈಗ ನಾನು ರೇಡಿಯೊ ಹಾಕಿದಾಗಲೆಲ್ಲ ಸಿನಿಮಾ ಹಾಡೇ ಬರುತ್ತಿರುತ್ತದೆ. ಹೀಗೆ ಬದಲಾಗಿದ್ದು ಯಾಕೆ?"

ಮೇಡಂ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ರೇಡಿಯೊದ ಹಾಡುಗಳು ಒಂದೇ ತರಹ ಇದ್ದ ಕಾಲ ಯಾವುದೂ ಇಲ್ಲ. ನಮ್ಮ ಪಕ್ಕದ ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದರು. ಮುಂದೆ 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನೇ ನಿಷೇಧಿಸಿತು. ಸುಮಾರು ಮೂವತ್ತು ವರ್ಷ ಆ ಪೆಟ್ಟಿಗೆಗೆ ಸ್ಟುಡಿಯೊ ಬಾಗಿಲು ಮುಚ್ಚಿತ್ತು!

ಆಮೇಲೆ ಸಿನಿಮಾ ಹಾಡಿನ ಸರದಿ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಸಂಗೀತ ಹಿಡಿಸುತ್ತಿರಲಿಲ್ಲ. ಅವರ ಕಾಲದಲ್ಲಿ ಅದು ಆಕಾಶವಾಣಿಯಿಂದ ಹೆಚ್ಚುಕಡಿಮೆ ಮಾಯವಾಯಿತು. ಜನ ಸುಮ್ನೆ ಕೂರಲಿಲ್ಲ, ಸಿನಿಮಾ ಹಾಡು ಹಾಕುತ್ತಿದ್ದ ರೇಡಿಯೊ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ಸಿನಿಮಾ ಹಾಡುಗಳನ್ನೂ ಕೇಳಿಸುವ ಆಕಾಶವಾಣಿಯದೇ ವಿವಿಧ ಭಾರತಿ ಶುರುವಾಯಿತು. ಇದರ ನಡುವೆ, ಸಿನಿಮಾ ಹಾಡಿಗೆ ಬದಲಾಗಿ ಕೇಳಿಸಲು ಕೇಂದ್ರಗಳಲ್ಲಿ ಸುಗಮ ಸಂಗೀತದ ವಿಭಾಗಗಳನ್ನು ತೆರೆದಿದ್ದರು. ಕವಿತೆ ಆರಿಸಿ, ರಾಗ ಹಾಕಿಸಿ, ಕಲಾವಿದರನ್ನು ಕರೆಸಿ ಹಾಡಿಸುವ ಕೆಲಸ ಅಲ್ಲಿ ನಡೆಯಿತು. ನೀವು ನೆನೆಯುವ ಭಾವಗೀತೆ ಬೆಳೆದದ್ದರಲ್ಲಿ ಸಿನಿಮಾ ಹಾಡಿನ ಜೊತೆಗಿನ ಈ ಪೈಪೋಟಿಯ ಪಾಲೂ ಇದೆ.

ನಮ್ಮ ಕಡೆಯವರಿಗೆ ಮೊದಲು ಭದ್ರಾವತಿ ಕೇಂದ್ರವೇ ಆಸರೆ. ಅದು ಆಗ ಬರುತ್ತಿದ್ದುದು ಮೀಡಿಯಂ ವೇವ್‌ನಲ್ಲಿ. ಅದರ ಅಲೆ ನೆಲಕ್ಕೆ ಅಂಟಿಕೊಂಡು ದೂರ ಹೋಗುತ್ತದೆ, ಆದರೆ ಗುಡುಗು ಮಿಂಚು ಬಂದರೆ ಬರೀ ಕರಕರ ಸದ್ದು. ಹಾಸನದ 102.2 ಎಫ್‌ಎಂ ಬಂದಮೇಲೆ ತಂಬೂರಿಯ ಶ್ರುತಿ, ವೀಣೆಯ ಗಮಕ ಬಿಡಿಬಿಡಿಯಾಗಿ ಕೇಳಿಸತೊಡಗಿದವು. ಎಫ್‌ಎಂಗೆ ಗುಡ್ಡ ಅಡ್ಡ ಬಂದರೆ ಕಷ್ಟ. ಮೂಡಿಗೆರೆ, ಸಕಲೇಶಪುರದ ಕಣಿವೆಗಳಲ್ಲಿ ರೇಡಿಯೊವನ್ನು ಕಿಟಕಿ ಹತ್ತಿರ ಇಟ್ಟು ಏರಿಯಲ್ ತಿರುಗಿಸೋದು ನಿಮಗೂ ಗೊತ್ತಿರುತ್ತೆ, ಅಲ್ವಾ?

ಕೋರಿಕೆ ಕಾರ್ಯಕ್ರಮಗಳೂ ಹಾಡಿನ ಲೆಕ್ಕ ಬದಲಿಸಿದವು. ಮೊದಲು ಪೋಸ್ಟ್ ಕಾರ್ಡ್ ಬರೆಯಬೇಕಿತ್ತು. ಕೇಳಿದವರ ಹೆಸರು, ಊರು, ಮನೆಮಂದಿಯ ಹೆಸರು ಓದಿ ಮುಗಿಸುವಷ್ಟರಲ್ಲಿ ಅರ್ಧ ಹಾಡಿನ ಹೊತ್ತು ಹೋಗುತ್ತಿತ್ತು. ಆದರೂ ತಮ್ಮೂರಿನ ಹೆಸರು ಬರಲಿ ಅಂತ ಜನ ಕಾಯುತ್ತಿದ್ದರು. ಫೋನ್-ಇನ್ ಬಂದಮೇಲೆ ಕೇಳುಗರ ದನಿಯೇ ರೇಡಿಯೊದಲ್ಲಿ ಬಂತು. ಅವರು ಜಾಸ್ತಿ ಕೇಳುವುದು ಸಿನಿಮಾ ಹಾಡನ್ನೇ. ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ತೋಟದಲ್ಲಿ ಕೆಲಸ ಮಾಡುವವರಿಗೆ ಅವರಿಷ್ಟದ ಹಾಡು ಬೇಕು, ಅಷ್ಟೇ.

ನನ್ನ ಕಳವಳ ಬೇರೆ. ಸಿನಿಮಾ ಹಾಡು ಎಲ್ಲಿ ಬೇಕಾದರೂ ಸಿಗುತ್ತದೆ, ಮೊಬೈಲಿನಲ್ಲೇ ಇದೆ. ಸಕಲೇಶಪುರದ ಸುಗ್ಗಿ ಹಾಡು, ಅರಕಲಗೂಡು ಕಡೆಯ ಸೋಬಾನೆ, ಕಡೂರು ಕಡೆಯ ಕೋಲಾಟದ ಪದ ಎಲ್ಲಿ ಸಿಗುತ್ತವೆ? ಇವನ್ನು ಯಾರಾದರೂ ಕೂತು ಧ್ವನಿಮುದ್ರಿಸಬೇಕು. ಆ ಕೆಲಸಕ್ಕೆ ಸ್ಥಳೀಯ ಕೇಂದ್ರದಷ್ಟು ಹತ್ತಿರದವರು ಬೇರೆ ಯಾರೂ ಇಲ್ಲ. ಅರಕಲಗೂಡು ತಾಲೂಕಿನ ರುದ್ರಪಟ್ಟಣದ್ದೇ ಉದಾಹರಣೆ ನೋಡಿ. ಅಲ್ಲಿನ ಗಾಯಕ ಆರ್.ಕೆ. ಶ್ರೀಕಂಠನ್ ಆಕಾಶವಾಣಿಯಲ್ಲೇ ಕೆಲಸ ಮಾಡಿ, ರೇಡಿಯೊ ಮೂಲಕ ಮನೆಮನೆಗೆ ಸಂಗೀತ ಪಾಠ ಮುಟ್ಟಿಸಿದರು. ನಮ್ಮ ಜಿಲ್ಲೆಯ ದನಿಗೆ ಅಂಥ ಶಕ್ತಿ ಇದೆ.

ನಿಮ್ಮೂರಿನಲ್ಲಿ ಇನ್ನೂ ಸೋಬಾನೆ ಹಾಡುವ ಹೆಂಗಸರ ಗುಂಪು ಇದೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅವರನ್ನು ಆಕಾಶವಾಣಿಯ ಧ್ವನಿ ಪರೀಕ್ಷೆಗೆ ಅರ್ಜಿ ಹಾಕಿಸಿ ಮೇಡಂ. ಜಾನಪದಕ್ಕೂ ಆ ಪರೀಕ್ಷೆ ಇದೆ. ಅರ್ಜಿ ತುಂಬುವುದು ಅವರಿಗೆ ಕಷ್ಟವಾದರೆ ನೀವು ಪಕ್ಕದಲ್ಲಿ ಕೂತು ಬರೆದುಕೊಡಿ. ಹಾಡುಗಳ ಮೊದಲ ಸಾಲುಗಳನ್ನು ನಮಗೂ ಕಳಿಸಿ, ಪತ್ರಿಕೆಯಲ್ಲಿ ಹಾಕುತ್ತೇವೆ.