ದನ ಮಾರಿದಾಗಲೆಲ್ಲ ಕಡ್ಡಾಯ ಲೆವಿ ಹಿಡಿಯುವುದು ಸುಲಿಗೆಯಾ?

ಕೆಲವು ದೇಶಗಳಲ್ಲಿ ರೈತರು ದನ, ಕುರಿ, ಹಾಲು ಮಾರಿದಾಗ ಉದ್ಯಮದ ಅಭಿವೃದ್ಧಿಗೆ ಅಂತ ಕಡ್ಡಾಯವಾಗಿ ದುಡ್ಡು (ಅದೇ ಲೆವಿ) ಹಿಡಿಯುತ್ತಾರಲ್ಲ, ಇಷ್ಟವಿದ್ದವರು ಮಾತ್ರ ಕೊಟ್ಟರೆ ಸಾಲದಾ ಅಂತ ಕೇಳಿದ್ದೀರಿ.

ಸಾಲದು. ಒಂದು ರೋಗಕ್ಕೆ ಪರೀಕ್ಷೆ ಕಂಡುಹಿಡಿಯುವುದು, ಒಳ್ಳೆ ಮೇವಿನ ತಳಿ ಬೆಳೆಸುವುದು ಒಬ್ಬ ರೈತನಿಂದ ಆಗುವ ಕೆಲಸ ಅಲ್ಲ. ಕಂಡುಹಿಡಿದ ಮೇಲೆ ದುಡ್ಡು ಕೊಟ್ಟವನಿಗೂ ಕೊಡದವನಿಗೂ ಲಾಭ ಒಂದೇ. ಹಾಗಿದ್ದ ಮೇಲೆ ಯಾರು ಕೊಡ್ತಾರೆ? ಅಮೆರಿಕದಲ್ಲಿ 1985ರ ಕಾಯ್ದೆಯಂತೆ ದನಕ್ಕೆ ಒಂದು ಡಾಲರ್ ಹಿಡಿಯಲು ಶುರುಮಾಡಿದಾಗ, ಬೇಡ ಅಂದವರು ವಾಪಸ್ ಕೇಳಬಹುದಿತ್ತು. 1988ರಲ್ಲಿ ದನ ಸಾಕುವವರೇ ಮತ ಹಾಕಿ ಅದನ್ನು ಪಕ್ಕಾ ಮಾಡಿದರು, ವಾಪಸಾತಿ ನಿಂತಿತು.

ಹಾಗಾಗಿ ಕಡ್ಡಾಯದ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ತಕರಾರಿರುವುದು ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲಿ. ಆಸ್ಟ್ರೇಲಿಯಾದಲ್ಲಿ ಹುಲ್ಲು ಮೇದು ಬೆಳೆದ ದನವೊಂದಕ್ಕೆ 5 ಡಾಲರ್ ಹಿಡಿಯುತ್ತಾರೆ, ಅದರಲ್ಲಿ 3.66 ಡಾಲರ್ ಮಾರ್ಕೆಟಿಂಗ್‌ಗೆ, ಸಂಶೋಧನೆಗೆ ಬರೀ 92 ಸೆಂಟ್! ಸಂಶೋಧನೆಗೆ ಸರ್ಕಾರವೂ ತನ್ನ ಪಾಲು ಸೇರಿಸುತ್ತದೆ ಅನ್ನುವುದು ಸ್ವಲ್ಪ ಸಮಾಧಾನ. ಮೇವಿನ ಸಂಶೋಧನೆ ನೇರವಾಗಿ ರೈತನ ಹೊಲಕ್ಕೆ ಬರುತ್ತದೆ. ಜಾಹೀರಾತಿನಿಂದ ಬೇಡಿಕೆ ಹೆಚ್ಚಿದರೆ ಅದರಲ್ಲಿ ಎಷ್ಟು ರೈತನ ಕೈಗೆ ಬರುತ್ತದೆ, ಎಷ್ಟು ಮಧ್ಯದ ಕಂಪನಿಗಳ ಹತ್ತಿರವೇ ಉಳಿಯುತ್ತದೆ ಅನ್ನುವ ಜಗಳ ಮುಗಿಯುವಂಥದ್ದಲ್ಲ.

ಲೆವಿ ದುಡ್ಡಿನ ಜಾಹೀರಾತಿನ ಜಗಳ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಹೊರದೇಶದ ಮಾಂಸವೂ ನಮ್ಮ ಮಾಂಸವೂ ಒಂದೇ ಅನ್ನುವ ಹಾಗೆ ಸುಮ್ನೆ ‘ಬೀಫ್ ತಿನ್ನಿ’ ಅಂತ ಜಾಹೀರಾತು ಕೊಡುತ್ತಾರೆ, ನಮಗೆ ಒಪ್ಪಿಗೆಯಿಲ್ಲದ ಮಾತನ್ನು ನಮ್ಮ ದುಡ್ಡಲ್ಲೇ ಆಡಿಸುತ್ತಾರೆ ಅನ್ನುವುದು ಕೆಲವು ರೈತರ ವಾದ. 2005ರಲ್ಲಿ ಕೋರ್ಟ್ 6-3ರ ಬಹುಮತದಲ್ಲಿ, ಇದು ಸರ್ಕಾರದ್ದೇ ಮಾತು, ಹಾಗಾಗಿ ರೈತರ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯಿಲ್ಲ ಅಂದಿತು. ದುಡ್ಡು ರೈತನದು, ಮಾತು ಸರ್ಕಾರದ್ದು. ಕಾನೂನಿಗೆ ಸರಿಯಿರಬಹುದು, ನನಗಂತೂ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ.

ನ್ಯೂಜಿಲೆಂಡ್‌ನ ದಾರಿ ನನಗೆ ಜಾಸ್ತಿ ಇಷ್ಟ. ಅಲ್ಲಿನ 1990ರ ಕಾಯ್ದೆಯ ಪ್ರಕಾರ ಲೆವಿಗೆ ಆರು ವರ್ಷದ ಆಯಸ್ಸು, ಮುಂದುವರಿಸಬೇಕಾದರೆ ಮತ್ತೆ ರೈತರ ಮತ ಕೇಳಬೇಕು. ತಲೆ ಎಣಿಸಿದರೂ ಬಹುಮತ ಇರಬೇಕು, ಉತ್ಪಾದನೆಯ ಲೆಕ್ಕ ಹಿಡಿದರೂ ಇರಬೇಕು. ಅಂದರೆ ನಾಲ್ಕು ದೊಡ್ಡ ಕುಳಗಳೇ ಸೇರಿ ತೀರ್ಮಾನಿಸುವಂತಿಲ್ಲ, ಅಲ್ವಾ? 2009ರಲ್ಲಿ ಅಲ್ಲಿನ ಕುರಿ ಸಾಕುವವರು ಮಾಂಸದ ಲೆವಿಗೆ ಹೂಂ ಅಂದು ಉಣ್ಣೆಯ ಲೆವಿಗೆ ಬೇಡ ಅಂದರು. ಉಣ್ಣೆಯ ಲೆವಿ ನಿಂತೇಹೋಯಿತು. ಅದರ ಜೊತೆ ಆ ದುಡ್ಡಲ್ಲಿ ನಡೆಯುತ್ತಿದ್ದ ಕೆಲಸಗಳಿಗೂ ಪೆಟ್ಟು ಬಿತ್ತು, ಅದೂ ನಿಜ.

ಇನ್ನೊಂದು ಬಗೆಯ ಲೆವಿ ಇದೆ, ಇದರ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ಕಾಲುಬಾಯಿ ರೋಗದಂಥದ್ದು ಬಂದು ಸಾವಿರಾರು ದನ ಕೊಲ್ಲಬೇಕಾಗಿ ಬಂದರೆ, ಆಸ್ಟ್ರೇಲಿಯಾದಲ್ಲಿ ಉದ್ಯಮದ ಪಾಲಿನ ಖರ್ಚನ್ನೂ ಮೊದಲು ಸರ್ಕಾರ ಹಾಕಬಹುದು, ಆಮೇಲೆ ಉದ್ಯಮ ವರ್ಷಗಟ್ಟಲೆ ಲೆವಿಯಿಂದ ತೀರಿಸುತ್ತದೆ. ಅದಕ್ಕೆಂದೇ ದನಗಳ ಮೇಲೆ ಒಂದು ಲೆವಿಯನ್ನು ಮೊದಲೇ ಕಾನೂನಿನಲ್ಲಿ ಇಟ್ಟು, ದರ ಸೊನ್ನೆ ಅಂತ ಬರೆದಿದ್ದಾರೆ. ರೋಗ ಬಂದರೆ ಮಾತ್ರ ಏರಿಸುವುದು. ಕಡ್ಡಾಯವಾಗಿ ಹಿಡಿಯಲೇಬೇಕು ಅಂದರೆ ಮೊದಲು ಇಂಥದ್ದಕ್ಕೆ ಹಿಡಿಯಲಿ, ಜಾಹೀರಾತಿನ ವಿಷಯ ಆಮೇಲೆ ನೋಡೋಣ.