ಬಿಗಿತ ತುದಿಯಲ್ಲಿರಲಿ, ಮೇಲಂಚಿನಲ್ಲಲ್ಲ

ಪ್ರಶ್ನೆ: ನಮ್ಮ ಯಜಮಾನರಿಗೆ 54 ವರ್ಷ, ರೇಷ್ಮೆ ನೂಲು ಬಿಚ್ಚುವ ಕೆಲಸ. ಸಕ್ಕರೆ ಕಾಯಿಲೆಯಿಂದ ಪಾದದ ಹುಣ್ಣು ಕೊಳೆತು, ಐದು ವಾರಗಳ ಹಿಂದೆ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಹೊಲಿಗೆ ಬಿಚ್ಚಿದ ಮೇಲೆ ಶ್ರಿಂಕರ್ ಎಂಬ ಬಿಗಿ ಚೀಲ ಹಾಕಬೇಕೆಂದು ವೈದ್ಯರು ಹೇಳಿದ್ದಾರೆ. ಗಾಯಕ್ಕೆ ಗಾಳಿ ಆಡಬೇಕು, ಬಿಗಿದರೆ ರಕ್ತ ನಿಂತುಹೋಗುತ್ತದೆ ಎಂದು ನಮ್ಮತ್ತೆ ಬೇಡವೆನ್ನುತ್ತಾರೆ. ಏನು ಮಾಡಲಿ?
- ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ನಿಮ್ಮತ್ತೆಯವರ ಆತಂಕ ಸುಳ್ಳಲ್ಲ, ತಪ್ಪಾಗಿ ಬಿಗಿದರೆ ರಕ್ತಸಂಚಾರಕ್ಕೆ ಅಡ್ಡಿಯಾಗುತ್ತದೆ. ಆದರೆ ಶಸ್ತ್ರಚಿಕಿತ್ಸೆಯ ನಂತರ ಉಳಿದ ಕಾಲಿನ ತುದಿಯಲ್ಲಿ ನೀರು ತುಂಬಿಕೊಂಡು ಊತ ಹಾಗೆಯೇ ನಿಂತರೆ, ಹೊಲಿಗೆಯ ಅಂಚಿನ ಚರ್ಮ ಎಳೆದಂತಾಗಿ, ಅಲ್ಲಿನ ಸಣ್ಣ ರಕ್ತನಾಳಗಳು ಅದುಮಿಹೋಗಿ, ಗಾಯ ಮಾಯುವುದೇ ತಡವಾಗುತ್ತದೆ. ಹದವಾದ ಒತ್ತಡ ಆ ನೀರನ್ನು ಮೇಲಕ್ಕೆ ಸರಿಸುತ್ತದೆ. ಹಲವರಿಗೆ ಇಲ್ಲದ ಪಾದ ನೋಯುವ ವಿಚಿತ್ರ ಬಾಧೆಯೂ ಇದರಿಂದ ತಗ್ಗುತ್ತದೆ.

ಒತ್ತಡ ಎಷ್ಟು ಎಂಬುದಕ್ಕಿಂತ ಎಲ್ಲಿ ಬೀಳುತ್ತದೆ ಎಂಬುದು ಮುಖ್ಯ. ತುದಿಯಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ ಇರಬೇಕು. ಚೀಲವನ್ನು ತುದಿಗೆ ಪೂರ್ತಿ ಅಂಟುವಂತೆ, ನಡುವೆ ಗಾಳಿ ಉಳಿಯದಂತೆ, ಸುಕ್ಕಿಲ್ಲದಂತೆ ಏರಿಸಿ. ಮೇಲಂಚನ್ನು ಸುರುಳಿ ಸುತ್ತಿ ಮಡಚಿದರೆ ಅದೇ ಹಗ್ಗ ಕಟ್ಟಿದಂತಾಗುತ್ತದೆ. ಚೀಲ ಸಿಗುವವರೆಗೆ ಕ್ರೇಪ್ ಬ್ಯಾಂಡೇಜ್ ಕಟ್ಟುವುದಾದರೆ ಬಳೆಯಂತೆ ಸುತ್ತದೆ ಎಂಟರ ಆಕಾರದಲ್ಲಿ ಓರೆಯಾಗಿ ಸುತ್ತಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಬಿಚ್ಚಿ ಮತ್ತೆ ಕಟ್ಟಬೇಕು. ಫಿಸಿಯೋಥೆರಪಿಸ್ಟ್ ಒಬ್ಬರ ಎದುರಿಗೆ ಒಮ್ಮೆ ನೀವೇ ಕೈಯಾರೆ ಕಟ್ಟಿ ತೋರಿಸಿ ಎಂದು ಒತ್ತಾಯಿಸುತ್ತೇನೆ.

ನಿಮ್ಮ ಯಜಮಾನರ ವಿಷಯದಲ್ಲಿ ನನಗೆ ಹೆಚ್ಚು ಕಾಳಜಿಯಾಗುವುದು ಸಕ್ಕರೆ ಕಾಯಿಲೆಯಿಂದ. ಈ ಕಾಯಿಲೆ ನರಗಳ ಸ್ಪರ್ಶವನ್ನು ಮಂದಗೊಳಿಸಿರಬಹುದಾದ್ದರಿಂದ, ಬಿಗಿ ಹೆಚ್ಚಾದರೂ ಅವರಿಗೆ ನೋವು ತಿಳಿಯದೇ ಹೋಗಬಹುದು. ಹಾಗಾಗಿ ನೋವಿಲ್ಲ ಎಂಬ ಮಾತನ್ನು ನಂಬಿ ಕೂರದೆ, ದಿನಕ್ಕೆ ಹಲವು ಬಾರಿ ಚೀಲ ಸರಿಸಿ ಕಣ್ಣಾರೆ ನೋಡಿ. ತುದಿಯ ಕೆಳಭಾಗಕ್ಕೆ ಕನ್ನಡಿ ಹಿಡಿಯಿರಿ. ಚರ್ಮ ಬಿಳಿಚಿದರೆ, ನೀಲಿಗಟ್ಟಿದರೆ, ತಣ್ಣಗಾದರೆ, ಕೀವು ಅಥವಾ ನೀರು ಒಸರಿದರೆ, ಜ್ವರ ಬಂದರೆ ಚೀಲ ತೆಗೆದು ಅಂದೇ ವೈದ್ಯರಿಗೆ ತೋರಿಸಿ. ಕಾಲಿನ ರಕ್ತನಾಳಗಳು ಕಿರಿದಾಗಿವೆಯೇ, ಇಷ್ಟು ಒತ್ತಡ ತಡೆಯಬಲ್ಲವೇ ಎಂದು ಶಸ್ತ್ರಚಿಕಿತ್ಸೆ ಮಾಡಿದವರನ್ನೇ ಕೇಳಿ ಖಚಿತಪಡಿಸಿಕೊಂಡ ನಂತರವೇ ಶುರುಮಾಡಿ.

ಅವರು ಒಪ್ಪಿದರೆ, ಸ್ನಾನ ಮತ್ತು ಪರೀಕ್ಷೆಯ ಹೊತ್ತು ಬಿಟ್ಟು ಹಗಲೂ ರಾತ್ರಿ ಹಾಕಿಕೊಳ್ಳಬೇಕಾಗಬಹುದು. ಎರಡು ಚೀಲಗಳಿರಲಿ; ಒಂದನ್ನು ಸೌಮ್ಯ ಸಾಬೂನಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಇನ್ನೊಂದು ಮಾತು: ಸುಖವೆನಿಸಲೆಂದು ಮೊಣಕಾಲಿನ ಕೆಳಗೆ ದಿಂಬಿಡಬೇಡಿ, ಕೀಲು ಮಡಚಿಕೊಂಡೇ ಗಟ್ಟಿಯಾಗಿಬಿಡುತ್ತದೆ.

ಊತ ಇಳಿದಂತೆ ಚೀಲ ಸಡಿಲವಾಗುತ್ತದೆ. ಆಗ ಚಿಕ್ಕ ಅಳತೆಯದನ್ನು ಕೇಳಿ ಪಡೆಯಿರಿ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಟೇಪು ಹಿಡಿದು ಸುತ್ತಳತೆ ಬರೆದಿಡಿ. ಅದು ಬದಲಾಗದೆ ನಿಂತಾಗ ಕೃತಕ ಕಾಲಿಗೆ ಅಳತೆ ಕೊಡಲು ಆ ಚೀಟಿಯನ್ನೇ ಕೊಂಡೊಯ್ಯಿರಿ. ಅವರು ನಿಂತು ಮಾಡುವ ಕೆಲಸ ಯಾವುದೆಂಬುದನ್ನೂ ಅಲ್ಲಿ ತಿಳಿಸಿ.