ಎದೆ ಬಡಿತ ಕೇಳಿಸದ ಸ್ಟೆತಸ್ಕೋಪ್: ಆಂಪ್ಲಿಫೈಯರ್ ಸಾಕಷ್ಟಿದೆ, ಬಟ್ಟಲು ನೋಡಿ

ಗುರುಗಳೇ, ನಮಸ್ಕಾರ. ನೀವು ಹಾಕಿದ ಫೋಟೊ ಮತ್ತು ಸರ್ಕ್ಯೂಟ್ ನಕ್ಷೆ ಎರಡನ್ನೂ ದೊಡ್ಡದು ಮಾಡಿ ನೋಡಿದೆ. ಕಾರಟಗಿ ಕಡೆಯ ನಿಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳೊಂದಿಗೆ ಎಲ್‌ಎಂ386 ಎಂಬ, ಸದ್ದು ವರ್ಧಿಸುವ ಆಂಪ್ಲಿಫೈಯರ್ ಐಸಿ ಬಳಸಿ ಸ್ಟೆತಸ್ಕೋಪ್ ಕಟ್ಟಿದ್ದೀರಿ. ಎದೆಗಿಟ್ಟರೆ ‘ಗುಂಯ್’ ಎನ್ನುವ ಸದ್ದು ಮಾತ್ರ, ವಾಲ್ಯೂಮ್ ಏರಿಸಿದರೆ ಕಿರುಚುತ್ತದೆ, ಇನ್ನೊಂದು ಹಂತದ ಆಂಪ್ಲಿಫೈಯರ್ ಸೇರಿಸಲೇ ಎಂದು ಕೇಳಿದ್ದೀರಿ. ಮೇಲೆ ಇಬ್ಬರು ಗೆಳೆಯರು ಸೇರಿಸಿ ಎಂದಿದ್ದಾರೆ. ದಯವಿಟ್ಟು ಸೇರಿಸಬೇಡಿ. ನಿಮ್ಮ ಐಸಿಯ 1 ಮತ್ತು 8ನೇ ಕಾಲಿನ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಕಾಣುತ್ತಿದೆ. ಅಂದರೆ ಅದು ಆಗಲೇ 200 ಪಟ್ಟು ವರ್ಧಿಸುತ್ತಿದೆ. ಈಗ ಅದು ವರ್ಧಿಸುತ್ತಿರುವುದು ನಿಮ್ಮ ಎದೆಯನ್ನಲ್ಲ, ಕೋಣೆಯನ್ನು. ಇನ್ನೊಂದು ಹಂತ ಸೇರಿಸಿದರೆ ಇಡೀ ಊರನ್ನು ವರ್ಧಿಸುತ್ತದೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಸಿಂಧನೂರಿನಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಬೇರಿಂಗ್ ಸವೆದಿದೆಯೇ ಎಂದು ನೋಡಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿನ ಬೇರಿಂಗ್ ಮುಚ್ಚಳಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿ ಕೇಳುವುದು ನಮ್ಮ ಕಸುಬಿನ ಹಳೆಯ ರೂಢಿ. ಅದನ್ನೇ ಎಲೆಕ್ಟ್ರಾನಿಕ್ ಮಾಡೋಣವೆಂದು ಹೊರಟು ಎರಡು ಐಸಿಗಳನ್ನು ಒಂದರ ಹಿಂದೆ ಒಂದು ಜೋಡಿಸಿದೆ. ಕೇಳಿಸಿದ್ದು ಫ್ಯಾನು, ಟ್ಯೂಬ್‌ಲೈಟಿನ ಚೋಕು ಮತ್ತು ಪಕ್ಕದ ಅಂಗಡಿಯ ಗ್ರೈಂಡರ್. ಒಂದು ರಾತ್ರಿ ಕರೆಂಟು ಹೋಯಿತು. ಕತ್ತಲಲ್ಲಿ ಸುಮ್ಮನೆ ಕೂರಲಾಗದೆ ಅಡಾಪ್ಟರಿನ ಬದಲು ಬ್ಯಾಟರಿ ಜೋಡಿಸಿ, ಮೈಕನ್ನು ಸೈಕಲ್ ಟ್ಯೂಬಿನ ತುಂಡಿನೊಳಗೆ ತುರುಕಿ, ಹಳೆಯ ಸ್ಟೆತಸ್ಕೋಪಿನ ಕೊಳವೆಗೆ ಬಿಗಿಯಾಗಿ ಸಿಕ್ಕಿಸಿ ಎದೆಗಿಟ್ಟುಕೊಂಡೆ. ಮೊದಲ ಬಾರಿಗೆ ಸ್ಪಷ್ಟವಾಗಿ ಕೇಳಿಸಿತು. ತಾಯಿಯ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಅವರದೇ ಬಡಿತ ಕೇಳಿಸಿದರೆ, ‘ಒಳಗೆ ಯಾರೋ ಒನಕೆ ಹಿಡಿದು ಕುಟ್ಟುತ್ತಿದ್ದಾರಲ್ಲೋ’ ಎಂದರು. ಕರೆಂಟು ಬಂದು ಮತ್ತೆ ಅಡಾಪ್ಟರ್ ಹಾಕಿದ ಕೂಡಲೇ ಒನಕೆ ನಿಂತು ಗುಂಯ್ ಶುರುವಾಯಿತು. ನನಗೆ ಪಾಠವಾದದ್ದು ಆ ಹೊತ್ತಿನಲ್ಲಿ.

ಹಾಗಾಗಿ ಮೊದಲ ಮಾತು: ಆ 9 ವೋಲ್ಟ್ ಅಡಾಪ್ಟರನ್ನು ಇಂದೇ ತೆಗೆದಿಡಿ. ಹೃದಯದ ಲಬ್-ಡಬ್ ಸದ್ದಿನ ಬಹುಪಾಲು ಇರುವುದು ಸುಮಾರು 20ರಿಂದ 150 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ನಡುವೆ. ನಮ್ಮ ಮನೆಯ ಕರೆಂಟು 50 ಹರ್ಟ್ಸ್, ಅಡಾಪ್ಟರಿನಲ್ಲಿ ಡಿಸಿಯಾದ ಮೇಲೂ ಉಳಿಯುವ ಏರಿಳಿತ 100 ಹರ್ಟ್ಸ್. ಎರಡೂ ಸರಿಯಾಗಿ ಹೃದಯದ ಪಡಸಾಲೆಯಲ್ಲೇ ಬಂದು ಕೂರುತ್ತವೆ. ಸೋಸಲು ಹೋದರೆ ಕಲ್ಲಿನ ಜೊತೆ ಅಕ್ಕಿಯೂ ಹೋಗುತ್ತದೆ. 9 ವೋಲ್ಟಿನ ಚೌಕ ಬ್ಯಾಟರಿ ಒಂದೇ ದಾರಿ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮೈಗೆ ತಾಗಿಸುವ, ಕಿವಿಗೆ ಸಿಕ್ಕಿಸುವ ವಸ್ತುವಿಗೂ ಗೋಡೆಯ ಪ್ಲಗ್ಗಿಗೂ ಯಾವ ಸಂಬಂಧವೂ ಇರಬಾರದು. ಅಗ್ಗದ ಅಡಾಪ್ಟರಿನ ಒಳಗೆ ಇನ್ಸುಲೇಷನ್ ಸುಟ್ಟಿರುವುದನ್ನು ವಾರಕ್ಕೊಂದಾದರೂ ನೋಡುವವನು ನಾನು, ಮಕ್ಕಳ ವಿಷಯದಲ್ಲಿ ಇದಕ್ಕೆ ರಿಯಾಯಿತಿ ಕೊಡುವುದಿಲ್ಲ. ಲ್ಯಾಪ್‌ಟಾಪಿಗೆ ಜೋಡಿಸಿ ಅಲೆಯ ಚಿತ್ರ ತೋರಿಸುವ ಆಸೆಯಿದ್ದರೆ ಚಾರ್ಜರ್ ಕಿತ್ತೇ ತೋರಿಸಿ.

ಇನ್ನು ಬಟ್ಟಲು, ಅಂದರೆ ಎದೆಗಿಡುವ ಭಾಗ. ಫೋಟೊದಲ್ಲಿ ಮೈಕು ಪ್ಲಾಸ್ಟಿಕ್ ಮುಚ್ಚಳದ ತೂತಿನಲ್ಲಿ ಸಡಿಲವಾಗಿ ಕೂತಿದೆ, ಸುತ್ತ ಬೆಳಕು ಕಾಣುತ್ತಿದೆ. ಬೆಳಕು ಹೋಗುವಲ್ಲಿ ಗಾಳಿಯೂ ಹೋಗುತ್ತದೆ. ಎದೆಯ ಚರ್ಮ ಅದುರಿದಾಗ ಬಟ್ಟಲಿನೊಳಗಿನ ಗಾಳಿಯ ಒತ್ತಡ ಒಂದಿಷ್ಟು ಏರಿಳಿಯುತ್ತದೆ, ಮೈಕು ಹಿಡಿಯಬೇಕಾದದ್ದು ಅದನ್ನು. ಸಣ್ಣ ಸಂದಿಯಿದ್ದರೂ ಮೊದಲು ಸೋರಿಹೋಗುವುದು ನಮಗೆ ಬೇಕಾದ ತಗ್ಗಿನ ಸದ್ದು. 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ರೋಗಿಯ ಎದೆಯ ಸದ್ದು ಕೇಳಿದರು. ಅವರ ಕೈಯಲ್ಲಿ ಐಸಿ ಇರಲಿಲ್ಲ, ಸುರುಳಿ ಮಾತ್ರ ಇತ್ತು.

ಮುಚ್ಚಳದ ಬದಲು ಔಷಧಿ ಅಂಗಡಿಯಿಂದ ಅತಿ ಅಗ್ಗದ ಸ್ಟೆತಸ್ಕೋಪ್ ತನ್ನಿ. ಬಟ್ಟಲಿನಿಂದ ಮೂರ್ನಾಲ್ಕು ಸೆಂಟಿಮೀಟರ್ ಕೊಳವೆ ಬಿಟ್ಟು ಉಳಿದದ್ದನ್ನು ಕತ್ತರಿಸಿ. ಎಲೆಕ್ಟ್ರೆಟ್ ಮೈಕಿಗೆ (ಗುಂಡಿಯಂಥ ಪುಟ್ಟ ಮೈಕು) ಶೀಲ್ಡ್ ತಂತಿಯನ್ನು, ಅಂದರೆ ಸುತ್ತ ಲೋಹದ ಜಾಲರಿಯಿರುವ ತಂತಿಯನ್ನು, ಬೆಸೆಯಿರಿ. ಮೈಕಿನ ಲೋಹದ ಮೈಗೆ ಕೂಡಿಕೊಂಡಿರುವ ಕಾಲು ನೆಗೆಟಿವ್, ಶೀಲ್ಡ್ ಅದಕ್ಕೇ ಬರಬೇಕು. ಬೆಸುಗೆ ಕಡ್ಡಿಯನ್ನು ಎರಡು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಒಳಗಿನದು ಬೆಂದುಹೋಗುತ್ತದೆ. ಆಮೇಲೆ ಮೈಕಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಒಂದೂವರೆ ಸುತ್ತು ಸುತ್ತಿ, ತಿರುಗಿಸುತ್ತ ಕೊಳವೆಯೊಳಗೆ ನೂಕಿ. ನೂಕುವಾಗ ಕೈಗೆ ಬಿಗಿ ತಾಗಬೇಕು. ಹಿಂಬದಿಗೆ ಒಂದು ತೊಟ್ಟು ಸಿಲಿಕೋನ್ ಅಂಟು. ಸರಿಯಾಗಿದೆಯೇ ಎಂದು ತಿಳಿಯಲು ಬಟ್ಟಲಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಮೆಲ್ಲಗೆ ಒತ್ತಿ ಬಿಡಿ. ಇಯರ್‌ಫೋನಿನಲ್ಲಿ ‘ಧಪ್’ ಎಂದು ತುಂಬಿದ ಸದ್ದು ಬಂದರೆ ಗಾಳಿ ಸೋರುತ್ತಿಲ್ಲ.

ಇಯರ್‌ಫೋನ್ ಎಂದೆ. ನೀವು ಜೋಡಿಸಿರುವ 8 ಓಮಿನ ಪುಟ್ಟ ಸ್ಪೀಕರಿಗೆ 40 ಹರ್ಟ್ಸ್ ಸದ್ದು ಹೊರಡಿಸುವ ತಾಕತ್ತೇ ಇಲ್ಲ. ಅದರ ದಾರಿಯಲ್ಲಿ ಕೂತ 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂಡ 8 ಓಮಿನ ಜೊತೆ ಸೇರಿ 90 ಹರ್ಟ್ಸ್‌ಗಿಂತ ತಗ್ಗಿನದನ್ನು ಕಡಿದುಹಾಕುತ್ತದೆ. ಕಿರುಚಾಟಕ್ಕೂ ಸ್ಪೀಕರೇ ಕಾರಣ, ಅದರ ಸದ್ದು ತಿರುಗಿ ಮೈಕಿಗೆ ಹೋಗುತ್ತಿದೆ. ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಹಾಕಿ, ಆ ಕೆಪಾಸಿಟರನ್ನು 1000 ಮೈಕ್ರೋಫ್ಯಾರಡ್ ಮಾಡಿ. ಕಿವಿಯ ಕಾವಲಿಗೆ ಸರಣಿಯಲ್ಲಿ 47 ಓಮಿನ ರೆಸಿಸ್ಟರ್ ಇರಲಿ. ಬಟ್ಟಲು ಕೈಜಾರಿ ಮೇಜಿಗೆ ಬಡಿದರೆ ಕಿವಿಯಲ್ಲಿ ಪಟಾಕಿ ಸಿಡಿದಂತಾಗುತ್ತದೆ. ಆದ್ದರಿಂದ ವಾಲ್ಯೂಮನ್ನು ಸೊನ್ನೆಗೆ ತಂದು, ಬಟ್ಟಲು ಇಟ್ಟ ಮೇಲೆ ಏರಿಸುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಿ.

ನಕ್ಷೆಯಲ್ಲಿ ಇನ್ನೊಂದು ಕಳ್ಳನಿದ್ದಾನೆ. ಮೈಕಿನಿಂದ ವಾಲ್ಯೂಮ್ ಕಂಟ್ರೋಲಿಗೆ ಬರುವ ದಾರಿಯಲ್ಲಿ 0.1 ಮೈಕ್ರೋಫ್ಯಾರಡ್ ಹಾಕಿದ್ದೀರಿ. ಮಾತು ಕೇಳುವ ಸರ್ಕ್ಯೂಟಿಗೆ ಅದು ಸರಿ. 10 ಕಿಲೋಓಮಿನ ಕಂಟ್ರೋಲು ಮತ್ತು ಮೈಕಿಗೆ ವೋಲ್ಟೇಜ್ ಕೊಡುವ ರೆಸಿಸ್ಟರ್ ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ 120 ಹರ್ಟ್ಸ್ ಆಸುಪಾಸಿನಿಂದ ಕೆಳಗಿನದೆಲ್ಲ ಅಲ್ಲೇ ಇಳಿದುಹೋಗುತ್ತದೆ, ಅಂದರೆ ಹೃದಯವನ್ನು ಬಾಗಿಲಲ್ಲೇ ತಡೆದಂತೆ. 4.7 ಮೈಕ್ರೋಫ್ಯಾರಡ್ ಹಾಕಿ, ಪಾಸಿಟಿವ್ ಕಾಲು ಮೈಕಿನ ಕಡೆಗಿರಲಿ. ತೆಗೆದ 0.1 ಅನ್ನು ಎಸೆಯಬೇಡಿ. ಮೈಕಿನ ಎರಡು ಕಾಲುಗಳ ನಡುವೆ ಅಡ್ಡಕ್ಕೆ ಬೆಸೆಯಿರಿ. ಮೈಕಿಗೆ ವೋಲ್ಟೇಜ್ ಕೊಡುವ ರೆಸಿಸ್ಟರ್ 4.7 ಕಿಲೋಓಮ್ ಆಗಿದ್ದರೆ ಸುಮಾರು 500 ಹರ್ಟ್ಸ್‌ಗಿಂತ ಮೇಲಿನದು ತಗ್ಗಿ, ಪಿಸುಮಾತು, ಫ್ಯಾನಿನ ಸರಸರ ದೂರವಾಗುತ್ತವೆ. ಉಸಿರಾಟದ ಸದ್ದು ಕೇಳಬೇಕಾದರೆ ಮಾತ್ರ ಅದನ್ನು ಬಿಡಿಸಿ, ಅದು ಇನ್ನೂ ಮೇಲಿನವರೆಗೆ ಹೋಗುತ್ತದೆ.

ಬೇರಿಂಗಿಗೂ ಇದೇ ಆಗುತ್ತದೆಯೇ ಎಂದು ಗಂಗಾವತಿಯ ರೈಸ್‌ಮಿಲ್ ಗೆಳೆಯರು ಕೇಳಿದ್ದಾರೆ. ಅದಕ್ಕೆ ಪೀಜೋ ಬಿಲ್ಲೆ ಒಳ್ಳೆಯದು, ಅಂದರೆ ಬಜರ್‌ನೊಳಗೆ ಸಿಗುವ, ಅದುರಿದರೆ ವೋಲ್ಟೇಜ್ ಕೊಡುವ ಹಿತ್ತಾಳೆಯ ಬಿಲ್ಲೆ. ಆದರೆ ಅದನ್ನು ನೇರವಾಗಿ ಈ 10 ಕಿಲೋಓಮಿಗೆ ಜೋಡಿಸಿದರೆ ತಗ್ಗಿನ ಸದ್ದೆಲ್ಲ ಸತ್ತುಹೋಗುತ್ತದೆ. ನಡುವೆ ಟಿಎಲ್072 ಎಂಬ ಆಂಪ್ಲಿಫೈಯರ್ ಐಸಿ ಹಾಕಿ, ಅದರ ಒಳದಾರಿಯಲ್ಲಿ (ಇನ್‌ಪುಟ್) 1 ಮೆಗಾಓಮ್ ರೆಸಿಸ್ಟರ್ ಇಡಬೇಕು. ತಿರುಗುವ ಶಾಫ್ಟಿನ ಬಳಿ ಇಯರ್‌ಫೋನಿನ ವೈರು ಜೋತಾಡದಿರಲಿ. ನಕ್ಷೆಯನ್ನು ಬೇರೆಯಾಗಿ ಹಾಕುತ್ತೇನೆ.

ಪ್ರದರ್ಶನದ ದಿನ ಬಟ್ಟಲನ್ನು ಅಂಗಿಯ ಮೇಲಿಡಬೇಡಿ, ಬಟ್ಟೆ ಉಜ್ಜಿದ ಸದ್ದೇ ಗೆಲ್ಲುತ್ತದೆ. ಎಡಗಡೆ, ಮೊಲೆತೊಟ್ಟಿನ ಸ್ವಲ್ಪ ಕೆಳಗೆ ಚರ್ಮಕ್ಕೆ ತಾಗಿಸಿ ಕೈ ಅಲ್ಲಾಡಿಸದೆ ಹಿಡಿಯಬೇಕು. ಬಟ್ಟಲನ್ನು ಪ್ರತಿಯೊಬ್ಬರೂ ತಾವೇ ಇಟ್ಟುಕೊಳ್ಳಲಿ, ಹೆಣ್ಣುಮಕ್ಕಳಿಗೆ ಒಂದು ಪರದೆ ಕಟ್ಟಿಸಿ. ಇಯರ್‌ಫೋನಿನ ತುದಿ ಒರೆಸಲು ಸ್ಪಿರಿಟ್ ಹತ್ತಿ ಪಕ್ಕದಲ್ಲಿರಲಿ. ನೋಡಲು ಬಂದ ಹಿರಿಯರೊಬ್ಬರು ‘ನನ್ನ ಹಾರ್ಟ್ ಹೇಗಿದೆ ಹೇಳು ತಮ್ಮಾ’ ಎಂದು ಕೇಳಿಯೇ ಕೇಳುತ್ತಾರೆ. ‘ಬಡಿಯುತ್ತಿದೆ ಅಜ್ಜಾ, ಉಳಿದದ್ದನ್ನು ಡಾಕ್ಟರ್ ಹೇಳಬೇಕು’ ಎನ್ನಲು ಮಕ್ಕಳಿಗೆ ಈಗಲೇ ಕಲಿಸಿಡಿ. ಮೇಜು ಹಂಚುವಾಗ ಇನ್‌ವರ್ಟರ್ ಮತ್ತು ಫ್ಯಾನಿನಿಂದ ದೂರದ ಮೂಲೆಯನ್ನು ಕೇಳಿ ಪಡೆಯಿರಿ. ಬಟ್ಟಲು ಬದಲಾಯಿಸಿದ ಮೇಲೆ ಒಂದು ಫೋಟೊ ಹಾಕಿ, ಬೆಸುಗೆ ನೋಡುತ್ತೇನೆ.